ನಾಲ್ಕು ಕಂಠ, ಒಂದು ಹಾಡು

"ಒಬ್ಬ ಹಾಡಿದರೆ ಸಂಗೀತ, ಇಬ್ಬರು ಹಾಡಿದರೆ ಜುಗಲಬಂದಿ, ನಾಲ್ವರು ನಾಲ್ಕು ಬಗೆಯಾಗಿ ಹಾಡಿದರೆ ಸಂತೆ!" ನಾನು ಪಾಶ್ಚಾತ್ಯ ಸಂಗೀತದ ಹಾರ್ಮನಿಶಾಸ್ತ್ರವನ್ನು ಕಲಿಯಲು ಹೊರಟಿರುವೆನೆಂದು ತಿಳಿದ ದಿನ ಹಾಸ್ಟೆಲಿನ ಮಿತ್ರರೊಬ್ಬರು ಆಡಿದ ಮಾತಿದು. ಊಟದ ಪಂಕ್ತಿಯಲ್ಲಿ ಕುಳಿತವರೆಲ್ಲ ನಕ್ಕರು, ನಾನೂ ನಕ್ಕೆ. ಅಂದು ನನಗೂ ಅದಕ್ಕಿಂತ ಹೆಚ್ಚೇನೂ ತಿಳಿದಿರಲಿಲ್ಲ. ಈಗ ಎರಡು ವರ್ಷಗಳಾದುವು. ನಾನೇನೂ ವಿದ್ವಾಂಸನಾಗಿಲ್ಲ, ನನ್ನ ಅಭ್ಯಾಸಪುಸ್ತಕದಲ್ಲಿ ಇಂದಿಗೂ ಕೆಂಪು ಗೆರೆಗಳು ಬೀಳುತ್ತಲೇ ಇವೆ. ಆದರೂ ಆ ಮಿತ್ರರಿಗೆ ಕೊಡಬೇಕಾಗಿದ್ದ ಉತ್ತರವೊಂದು ಬಾಕಿ ಉಳಿದಿದೆ. ಅದನ್ನು ಈ ಸಂಚಿಕೆಯ ಮೂಲಕ ತೀರಿಸುವುದು ನನ್ನ ಉದ್ದೇಶ.

ಮೊದಲು ನನ್ನ ವಿಷಯ ಎರಡು ಮಾತು. ನಮ್ಮ ಮನೆಯದು ಕರ್ನಾಟಕ ಸಂಗೀತ. ತಾತ ಪಿಟೀಲು ನುಡಿಸುತ್ತಾರೆ. ಶ್ರುತಿಯೇ ತಾಯಿಯೆಂದು ನಂಬಿದ ಮನೆಯಲ್ಲಿ, ತಂಬೂರಿಯ ನಾದ ಕೇಳುತ್ತಲೇ ನಾನು ಬೆಳೆದೆ. ಕಾಲೇಜಿಗೆ ಬಂದ ಮೇಲೆ ಸಹಪಾಠಿಯೊಬ್ಬರು ತಮ್ಮ ಚರ್ಚಿನ ಗಾಯನ ಮಂಡಳಿಗೆ ಟೆನರ್ ಕಂಠದವರು ಸಾಲದೆಂದು ನನ್ನನ್ನು ಎಳೆದುಕೊಂಡು ಹೋದರು. ಟೆನರ್ ಎಂದರೆ ಗಂಡಸರ ಎತ್ತರದ ಕಂಠ. ಅಲ್ಲಿ ಕಲಿಸುತ್ತಿದ್ದವರು ಬ್ಯಾಂಡಿನಲ್ಲಿ ಬಹುಕಾಲ ಕ್ಲಾರಿನೆಟ್ ನುಡಿಸಿ ನಿವೃತ್ತರಾದ ಒಬ್ಬ ಮೇಷ್ಟ್ರು. ಹಾಡುವುದರ ಜೊತೆಗೆ ಹಾಡಿನ ಕಟ್ಟಡವೂ ತಿಳಿಯಲೆಂದು ಶನಿವಾರ ಸಂಜೆ ತಮ್ಮ ಮನೆಯಲ್ಲಿ ನಮಗೆ ನಾಲ್ಕೈದು ಜನರಿಗೆ ಹಾರ್ಮನಿಯ ಪಾಠವನ್ನೂ ಹೇಳತೊಡಗಿದರು.

ರಜೆಯಲ್ಲಿ ಊರಿಗೆ ಹೋದಾಗ ತಾತನಿಗೆ ಈ ಸುದ್ದಿ ತಿಳಿಸಿದೆ. ತಾತ ಬೈಯಲಿಲ್ಲ. ಪಿಟೀಲನ್ನು ಪೆಟ್ಟಿಗೆಯೊಳಗಿಟ್ಟು, "ಕಿವಿ ಕೆಟ್ಟರೆ ಆಮೇಲೆ ಸರಿಮಾಡಿಕೊಳ್ಳೋದು ಕಷ್ಟ, ಮಗು" ಎಂದರು. ಅಂದು ಸಂಜೆ ನನಗೆ ಪಾಠ ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇನ್ನು ವಿಷಯಕ್ಕೆ ಬರೋಣ. ನಮ್ಮ ಶಂಕರಾಭರಣದ ಏಳು ಸ್ವರಗಳನ್ನು ಎಲ್ಲರೂ ಬಲ್ಲರಷ್ಟೆ. ಗಮಕಗಳನ್ನು ಬಿಟ್ಟು ಬರಿಯ ಸ್ವರಸ್ಥಾನಗಳನ್ನು ನೋಡಿದರೆ ಪಾಶ್ಚಾತ್ಯರ ಮೇಜರ್ ಸ್ಕೇಲು ಅದೇ. ಸ್ವರಗಳನ್ನು ಒಂದಾದ ಮೇಲೊಂದರಂತೆ ನಡೆಸಿ ರಾಗವನ್ನು ಬೆಳೆಸುವುದು ನಮ್ಮ ಕ್ರಮ. ಅವರ ಹಾರ್ಮನಿಯಲ್ಲಿ ಹಲವು ಸ್ವರಗಳು ಏಕಕಾಲದಲ್ಲಿ ಮೊಳಗುತ್ತವೆ. ಒಂದು ಸ್ವರವನ್ನು ಹಿಡಿದು, ಅದರಿಂದ ಒಂದನ್ನು ಬಿಟ್ಟು ಒಂದರಂತೆ ಮೂರನ್ನು ಆರಿಸಿಕೊಂಡರೆ ಒಂದು ಕಾರ್ಡ್ ಆಗುತ್ತದೆ. ನಾನು ಇದನ್ನು ಸ್ವರಗೊಂಚಲು ಎಂದು ಕರೆಯುತ್ತೇನೆ. ಸ-ಗ-ಪ ಒಂದು ಗೊಂಚಲು, ಮ-ದ-ಸ ಇನ್ನೊಂದು, ಪ-ನಿ-ರಿ ಮತ್ತೊಂದು. ಈ ಮೂರನ್ನು ಬಲ್ಲವನು ಸಾಧಾರಣವಾದ ಹಾಡಿಗೆ ಹಾರ್ಮನಿಯನ್ನು ಕೂಡಿಸಬಲ್ಲನು. ಸ-ಗ-ಪ, ಗ-ಪ-ಸ, ಪ-ಸ-ಗ ಎಂದು ಕೆಳಗಿನ ಸ್ವರವನ್ನು ಬದಲಿಸಿದರೂ ಗೊಂಚಲು ಒಂದೇ ಎಂಬುದನ್ನು ಶಾಸ್ತ್ರವಾಗಿ ವಿವರಿಸಿದವನು ಫ್ರಾನ್ಸಿನ ರಾಮೊ; ಅವನ ಹಾರ್ಮನಿ ಗ್ರಂಥವು 1722ರಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮಲ್ಲಿ ಷಡ್ಜವು ಅಚಲ. ಕಛೇರಿ ಮುಗಿಯುವವರೆಗೂ ಅದು ನೆಲದಂತೆ ಕೆಳಗಿರುತ್ತದೆ. ಅವರಲ್ಲಾದರೋ ನೆಲವೇ ನಡೆಯುತ್ತದೆ. ಒಂದೇ ಷಡ್ಜವು ಸ-ಗ-ಪದಲ್ಲಿ ಯಜಮಾನ, ಮ-ದ-ಸದಲ್ಲಿ ಐದನೆಯ ಸ್ವರ, ದ-ಸ-ಗದಲ್ಲಿ ಮೂರನೆಯದು. ಒಬ್ಬಳೇ ಹೆಣ್ಣುಮಗಳು ತವರಿನಲ್ಲಿ ಮಗಳು, ಗಂಡನ ಮನೆಯಲ್ಲಿ ಸೊಸೆ, ತಂಗಿಯ ಮಕ್ಕಳಿಗೆ ದೊಡ್ಡಮ್ಮ ಆಗುವಂತೆ, ಸ್ವರ ಬದಲಾಗದೆಯೇ ಅದರ ಸಂಬಂಧ ಬದಲಾಗುತ್ತದೆ. ಈ ಸಂಬಂಧಗಳ ಶಾಸ್ತ್ರವೇ ಹಾರ್ಮನಿ.

ಸಂಬಂಧಗಳಿದ್ದಲ್ಲಿ ಸೆಳೆತವೂ ಇರುವುದು ಸಹಜ. ಪ-ನಿ-ರಿ ಗೊಂಚಲಿನ ಕಾಕಲಿ ನಿಷಾದವು ಷಡ್ಜದ ಬಾಗಿಲಲ್ಲೇ ನಿಂತಿದೆ. ಒಳಗೆ ಹೋಗುವವರೆಗೆ ಅದಕ್ಕೆ ನೆಮ್ಮದಿಯಿಲ್ಲ. ಅದೇ ಗೊಂಚಲಿಗೆ ಮಧ್ಯಮವನ್ನೂ ಸೇರಿಸಿ ಪ-ನಿ-ರಿ-ಮ ಮಾಡಿದರೆ ಸೆಳೆತ ಎರಡರಷ್ಟಾಗುವುದು: ನಿ ಮೇಲೇರಿ ಸ ಆಗಬೇಕೆನ್ನುತ್ತದೆ, ಮ ಕೆಳಗಿಳಿದು ಗ ಆಗಬೇಕೆನ್ನುತ್ತದೆ. ಹಾಡಿನ ವಾಕ್ಯಗಳು ಮುಗಿಯುವುದು ಈ ಸೆಳೆತದಿಂದಲೇ. ಪ-ಗೊಂಚಲಿನ ಮೇಲೆ ನಿಂತರೆ ಅಲ್ಪವಿರಾಮ. ಪ-ಗೊಂಚಲಿನಿಂದ ಸ-ಗೊಂಚಲಿಗೆ ಬಂದರೆ ಪೂರ್ಣವಿರಾಮ. ಸ-ಗೊಂಚಲಿಗೆ ಬದಲಾಗಿ ದ-ಸ-ಗಕ್ಕೆ ಹೋದರೆ, ಮನೆಗೆಂದು ಹೊರಟವನು ಪಕ್ಕದ ಮನೆಯ ಕದ ತಟ್ಟಿದಂತೆ. ಸ ಇದೆ, ಗ ಇದೆ, ಆದರೆ ಮನೆ ನಮ್ಮದಲ್ಲ!

ಇಷ್ಟು ತಿಳಿಯಲು ಒಂದು ತಿಂಗಳು ಸಾಕಾಯಿತು. ಕಷ್ಟವಿದ್ದುದು ಮುಂದಿನ ಮೆಟ್ಟಿಲಲ್ಲಿ, ಅಂದರೆ ನಾಲ್ಕು ಕಂಠಗಳಿಗೆ ಬರೆಯುವುದರಲ್ಲಿ. ಹೆಂಗಸರ ಮೇಲಿನ ಕಂಠ ಸೊಪ್ರಾನೊ, ಕೆಳಗಿನದು ಆಲ್ಟೊ. ಗಂಡಸರ ಮೇಲಿನದು ಟೆನರ್, ಕೆಳಗಿನದು ಬಾಸ್. ಗೊಂಚಲಿನಲ್ಲಿರುವುದು ಮೂರು ಸ್ವರ, ಕಂಠಗಳು ನಾಲ್ಕು. ಆದುದರಿಂದ ಒಂದು ಸ್ವರವನ್ನು ಇಬ್ಬರು ಹಾಡಬೇಕು. ಸಾಮಾನ್ಯವಾಗಿ ಅದು ಗೊಂಚಲಿನ ಯಜಮಾನಸ್ವರ. ನಿಷಾದವನ್ನು ಮಾತ್ರ ಇಬ್ಬರಿಗೆ ಕೊಡಬಾರದು. ಇಬ್ಬರೂ ಷಡ್ಜದ ಕಡೆಗೇ ಓಡುತ್ತಾರೆ. ಒಬ್ಬರ ಕಂಠ ಇನ್ನೊಬ್ಬರದನ್ನು ದಾಟಬಾರದು. ಮೇಲಿನ ಮೂರು ಕಂಠಗಳಲ್ಲಿ ನೆರೆಹೊರೆಯವರ ನಡುವೆ ಒಂದು ಸ್ಥಾಯಿಗಿಂತ ಹೆಚ್ಚು ಅಂತರ ಬೀಳಬಾರದು. ಇವೆಲ್ಲ ನನಗೆ ನ್ಯಾಯವಾಗಿಯೇ ಕಂಡುವು. ನನ್ನನ್ನು ಕಂಗೆಡಿಸಿದುದು ಇನ್ನೊಂದು ನಿಯಮ. ಎರಡು ಕಂಠಗಳು ಸ-ಪ ಅಂತರದಲ್ಲಿದ್ದು, ಒಟ್ಟಿಗೆ ಹೆಜ್ಜೆಯಿಟ್ಟು ಮತ್ತೆ ಅದೇ ಅಂತರದಲ್ಲಿ ನಿಲ್ಲಕೂಡದು. ಒಂದು ಸ್ಥಾಯಿಯ ಅಂತರದಲ್ಲಿಯೂ ಹಾಗೆ ನಡೆಯಕೂಡದು. ಸಮಾಂತರ ಪಂಚಮ, ಸಮಾಂತರ ಅಷ್ಟಮ ಎಂಬ ಈ ಎರಡು ದೋಷಗಳಿಗೆ ಕ್ಷಮೆಯಿಲ್ಲ.

ನನ್ನ ಮೊದಲ ಅಭ್ಯಾಸ ಹೀಗಿತ್ತು: ಮ-ಗೊಂಚಲಿನಿಂದ ಪ-ಗೊಂಚಲಿಗೆ ಹೋಗಬೇಕು. ಸುಲಭವೆಂದು ನಾಲ್ವರನ್ನೂ ಒಂದೊಂದು ಮೆಟ್ಟಿಲು ಮೇಲೆ ಹತ್ತಿಸಿದೆ. ಮ ಇದ್ದಲ್ಲಿ ಪ, ದ ಇದ್ದಲ್ಲಿ ನಿ, ಸ ಇದ್ದಲ್ಲಿ ರಿ. ಪುಸ್ತಕ ಹಿಂದಕ್ಕೆ ಬಂದಾಗ ಪುಟವೆಲ್ಲ ಕೆಂಪು. ನನಗೆ ಸಿಟ್ಟೇ ಬಂದಿತು. ಸ-ಪಕ್ಕಿಂತ ಶುದ್ಧವಾದ ಸಂವಾದ ಬೇರೆ ಯಾವುದಿದೆ? ಯಾವ ಎರಡು ಸ್ವರಗಳ ಮಡಿಲಲ್ಲಿ ನಾನು ಬೆಳೆದೆನೋ ಅವನ್ನೇ ಇವರು ತಪ್ಪೆನ್ನುತ್ತಾರಲ್ಲ! ತಾತ ಹೇಳಿದ್ದೇ ಸರಿಯೆಂದುಕೊಂಡೆ. ಮೇಷ್ಟ್ರು ಮಾತ್ರ ನಗುತ್ತಾ ಅದೇ ಅಭ್ಯಾಸವನ್ನು ಹಿಂದುಮುಂದಿನ ಗೊಂಚಲುಗಳೊಡನೆ ತಿದ್ದಿ ಬರೆದುಕೊಟ್ಟರು:

ಸೊಪ್ರಾನೊ: ಸ – ಸ – ನಿ – ಸ
ಆಲ್ಟೊ: ಗ – ಮ – ರಿ – ಗ
ಟೆನರ್: ಪ – ದ – ಪ – ಪ
ಬಾಸ್: ಸ – ಮ – ಪ – ಸ

ಮೇಲಿನಿಂದ ಕೆಳಕ್ಕೆ ಓದಿದರೆ ನಾಲ್ಕು ಗೊಂಚಲುಗಳು. ಎಡದಿಂದ ಬಲಕ್ಕೆ ಓದಿದರೆ ನಾಲ್ಕು ಪುಟ್ಟ ಹಾಡುಗಳು. ಎರಡನೆಯದರಿಂದ ಮೂರನೆಯ ಗೊಂಚಲಿಗೆ ಹೋಗುವಾಗ ಬಾಸ್ ಮಾತ್ರ ಮೇಲೇರುತ್ತದೆ. ಉಳಿದ ಮೂವರೂ ಕೆಳಗಿಳಿದು ಅದನ್ನು ಎದುರುಗೊಳ್ಳುತ್ತಾರೆ. ಟೆನರೂ ಬಾಸೂ ಒಂದು ಕ್ಷಣ ಅದೇ ಪಂಚಮದಲ್ಲಿ ಕಲೆತು, ಮತ್ತೆ ಅಗಲುತ್ತಾರೆ. ಯಾರೂ ಯಾರನ್ನೂ ಹಿಂಬಾಲಿಸುವುದಿಲ್ಲ. ಸಂಗೀತ ಬಲ್ಲ ಮಿತ್ರರು ಮೂವರನ್ನು ಕೂಡಿಕೊಂಡು ಇದನ್ನು ಹಾಡಿ ನೋಡಬೇಕೆಂದು ನನ್ನ ವಿನಂತಿ. ಎರಡು ನಿಮಿಷದ ಕೆಲಸ. ಈ ಲೇಖನವೆಲ್ಲ ಹೇಳಲಾರದುದನ್ನು ಅದು ಹೇಳೀತು.

ಈ ನಿಯಮ ಎಲ್ಲಿಂದ ಬಂದಿತು? ಒಬ್ಬ ಪಂಡಿತನ ಹಟದಿಂದ ಬಂದುದಲ್ಲ. ಯುರೋಪಿನ ಚರ್ಚುಗಳಲ್ಲಿ ಶತಮಾನಗಳ ಕಾಲ ಹಾಡಿ ಹಾಡಿ ಕಿವಿಗೆ ಗೊತ್ತಾದುದನ್ನು ಬರೆದಿಟ್ಟರು. ವಿಯೆನ್ನಾದ ಫುಕ್ಸ್ ಎಂಬವನು 1725ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ 'ಗ್ರಾಡುಸ್ ಅಡ್ ಪರ್ನಾಸುಮ್' ಎಂಬ ಪುಸ್ತಕವು ಗುರುಶಿಷ್ಯರ ಸಂವಾದದ ರೂಪದಲ್ಲಿದೆ. ನಮ್ಮವರಿಗೆ ಈ ರೂಪ ಹೊಸದಲ್ಲ. ಹೈಡನ್ ಮಹಾಶಯನು ಬಡತನದ ತಾರುಣ್ಯದಲ್ಲಿ ಈ ಪುಸ್ತಕವನ್ನೇ ಗುರುವಾಗಿಟ್ಟುಕೊಂಡು ತಾನೇ ಅಭ್ಯಾಸ ಮಾಡಿದನು.

ಆದರೆ ನಾಲ್ಕು ಕಂಠದ ಬರವಣಿಗೆಗೆ ಎಲ್ಲರೂ ಕೊನೆಗೆ ಹೋಗುವುದು ಬಾಖನ ಬಳಿಗೆ. 1685ರಲ್ಲಿ ಹುಟ್ಟಿ 1750ರಲ್ಲಿ ತೀರಿಕೊಂಡ ಬಾಖನು 1723ರಿಂದ ಲೈಪ್‌ಜಿಗ್ ನಗರದಲ್ಲಿ ಚರ್ಚಿನ ಸಂಗೀತದ ಹೊಣೆ ಹೊತ್ತಿದ್ದನು. ಕೊರಾಲ್ ಎಂಬ ಸಭಾಗೀತೆಗಳನ್ನು ಅವನು ನಾಲ್ಕು ಕಂಠಗಳಿಗೆ ಅಳವಡಿಸಿದ ಬಗೆಯೇ ಇಂದಿಗೂ ಪಾಠದ ಮಾದರಿ. ಅವನ ಕಾಲಾನಂತರ 1784ರಿಂದ 1787ರವರೆಗೆ ನಾಲ್ಕು ಭಾಗಗಳಲ್ಲಿ ಅಚ್ಚಾದ ಸಂಗ್ರಹದಲ್ಲಿ ಇಂಥವು 371 ಇವೆ. ಅವುಗಳಲ್ಲಿ ಬಹುಪಾಲಿನ ಮೇಲಿನ ಧಾಟಿ ಬಾಖನದಲ್ಲ, ಜನರದು. ಅವನದೆಂದರೆ ಕೆಳಗಿನ ಮೂರು ಕಂಠಗಳು. ಹಾಸ್ಲರ್ ಎಂಬವನು 1601ರಲ್ಲಿ ಒಂದು ಪ್ರೇಮಗೀತೆಗಾಗಿ ಕಟ್ಟಿದ ಧಾಟಿಯು ಕಾಲಕ್ರಮದಲ್ಲಿ ಚರ್ಚಿಗೆ ಬಂದು ಭಕ್ತಿಗೀತೆಯಾಯಿತು. ಬಾಖನು ತನ್ನ 'ಸಂತ ಮತ್ತಾಯನ ಪ್ಯಾಶನ್' ಕೃತಿಯಲ್ಲಿ ಅದೇ ಧಾಟಿಯನ್ನು ಐದು ಬಾರಿ ತಂದಿದ್ದಾನೆ. ಯೇಸುವಿನ ಮರಣದ ಘಟ್ಟದಲ್ಲಿ ಬರುವ ಕೊನೆಯ ಬಾರಿಗೆ ಮೇಲಿನ ಹಾಡು ಅದೇ ಇದ್ದರೂ, ಕೆಳಗಿನ ಕಂಠಗಳು ಹಿಡಿಯುವ ದಾರಿಯಿಂದ ಅದರ ಮುಖವೇ ಕಪ್ಪಿಟ್ಟಂತಾಗುತ್ತದೆ. ಧಾಟಿಯನ್ನು ಮುಟ್ಟದೆ ಅದರ ಅರ್ಥವನ್ನು ಬದಲಿಸುವ ಶಕ್ತಿ ಹಾರ್ಮನಿಗೆ ಉಂಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದು ಕೇವಲ ಪರದೇಶದ ಮಾತೆಂದು ಯಾರೂ ಭಾವಿಸಬೇಕಾಗಿಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಜರ್ಮನ್ ಧಾಟಿಗಳಿಗೆ ಕನ್ನಡ ಗೀತೆಗಳು ರಚಿತವಾದುವು. ನಿಘಂಟಿನ ಕಿಟ್ಟೆಲರೂ ಕನ್ನಡದಲ್ಲಿ ಗೀತೆಗಳನ್ನು ರಚಿಸಿದವರೇ. ಇಂದಿಗೂ ನಮ್ಮ ನಾಡಿನ ಎಷ್ಟೋ ಚರ್ಚುಗಳಲ್ಲಿ ಕನ್ನಡವು ನಾಲ್ಕು ಕಂಠಗಳಲ್ಲಿ ಹಾಡಲ್ಪಡುತ್ತಿದೆ. ಬೀದಿಯಲ್ಲಿ ನಡೆಯುವ ನಮಗೆ ಅದು ಕಿವಿಗೆ ಬಿದ್ದರೂ ಮನಸ್ಸಿಗೆ ಬಿದ್ದಿರುವುದಿಲ್ಲ.

ಹೀಗೆ ಶಾಸ್ತ್ರವೆಲ್ಲ ಬಾಯಿಗೆ ಬಂದಿತು. ಆದರೆ ಬುದ್ಧಿಗೆ ಬಂದುದು ಒಂದು ಅವಮಾನದ ಮೂಲಕ. ಟೆನರ್ ಹಾಡುವವನ ಕಷ್ಟ ಹೊರಗಿನವರಿಗೆ ತಿಳಿಯದು. ಸೊಪ್ರಾನೊ ಹಾಡುವವರಿಗೆ ಧಾಟಿ ಸಿಕ್ಕಿರುತ್ತದೆ. ಬಾಸ್ ಹಾಡುವವರಿಗೆ ಗಾಂಭೀರ್ಯ ಸಿಕ್ಕಿರುತ್ತದೆ. ನಡುವಿನವನು ಒಂದೇ ಸ್ವರದ ಮೇಲೆ ಐದಾರು ಅಕ್ಷರಗಳನ್ನು ಹೇಳಿ, ಒಂದು ಮೆಟ್ಟಿಲು ಇಳಿದು, ಮತ್ತೆ ಅಲ್ಲಿಗೇ ಹತ್ತಬೇಕು. ಮನೆಯಲ್ಲಿ ಆಲಾಪನೆ ಮಾಡಿ ರೂಢಿಯಾದ ನನಗೆ ಇದು ಸೆರೆಮನೆಯಂತಿತ್ತು. ಕ್ರಿಸ್‌ಮಸ್ಸಿಗೆ ಮುಂಚೆ ಒಂದು ಸಂಜೆ ವಾದ್ಯವಿಲ್ಲದೆ ಅಭ್ಯಾಸ ನಡೆಯುತ್ತಿತ್ತು. ಗೀತೆಯ ಕೊನೆಯಲ್ಲಿ ಸೊಪ್ರಾನೊ ನಿ–ಸ, ಆಲ್ಟೊ ಪ–ಪ, ಬಾಸ್ ಪ–ಸ; ನನ್ನ ಪಾಲಿಗೆ ಮ–ಗ. ಅಂದು ನನ್ನ ಜೊತೆಯ ಟೆನರ್ ಬಂದಿರಲಿಲ್ಲ. ಯಾರಿಗೆ ಗೊತ್ತಾದೀತೆಂದು ನಾನು ನನ್ನ ಸಾಲನ್ನು ಬಿಟ್ಟು, ಧಾಟಿಯನ್ನೇ ಕೆಳಗಿನ ಸ್ಥಾಯಿಯಲ್ಲಿ ಕಂಠ ಬಿಚ್ಚಿ ಹಾಡಿದೆ.

ಹಾಡು ಮುಗಿಯಿತು. ಆದರೆ ಮುಗಿದಂತೆ ಯಾರಿಗೂ ಅನ್ನಿಸಲಿಲ್ಲ. ಕೊನೆಯ ಗೊಂಚಲು ಸ, ಸ, ಪ, ಸ ಎಂದು ಬರಿಯ ಗೋಡೆಗಳಂತೆ ನಿಂತಿತ್ತು, ಮನೆಯೊಳಗೆ ದೀಪವಿರಲಿಲ್ಲ. ಮೇಷ್ಟ್ರು ಕೈಯೆತ್ತಿದರು. "ನಾಲ್ಕು ಕಂಠಕ್ಕೆ ಬರೆದಿದೆ, ಮೂರು ಕಂಠ ಕೇಳಿಸಿತು. ಒಬ್ಬರು ಎಲ್ಲಿಗೆ ಹೋದರು?" ಎಂದು ಕೇಳಿ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. "ನಿನ್ನ ಹತ್ತಿರ ಗಾಂಧಾರ ಇದೆಯಪ್ಪ. ಈ ಹಾಡು ಸಂತೋಷವೋ ದುಃಖವೋ ಅಂತ ಹೇಳೋದು ಅದೊಂದೇ ಸ್ವರ. ಅದನ್ನು ನಿನ್ನನ್ನು ನಂಬಿ ಕೊಟ್ಟಿದೆ" ಎಂದರು. ಅಷ್ಟೇ. ಬೇರೆ ಮಾತಿಲ್ಲ. ಮತ್ತೆ ಹಾಡಿದೆವು. ಮದಿಂದ ಗಕ್ಕೆ ಇಳಿದೆ. ಒಂದೇ ಒಂದು ಅರ್ಧಸ್ವರದ ಮೆಟ್ಟಿಲು. ಸುತ್ತಲಿನ ಮೂರು ಕಂಠಗಳು ಆ ಸ್ವರದ ಮೇಲೆ ಬಂದು ಕುಳಿತಂತಾಯಿತು. ಅಂಥ ಸುಖವನ್ನು ನಾನು ಆಲಾಪನೆಯಲ್ಲಿಯೂ ಕಂಡಿರಲಿಲ್ಲ.

ಆ ರಾತ್ರಿ ಕೆಂಪು ಗೆರೆಗಳ ಅರ್ಥವೂ ಹೊಳೆಯಿತು. ಯಾವುದೇ ಸ್ವರವನ್ನು ಮೀಟಿದರೂ ಅದರೊಳಗಿನಿಂದ ಮೇಲಿನ ಸ್ಥಾಯಿಯ ಅದೇ ಸ್ವರವೂ, ಅದರ ಮೇಲಿನ ಪಂಚಮವೂ ಸೂಕ್ಷ್ಮವಾಗಿ ಹೊರಡುತ್ತವೆ. ಆದುದರಿಂದ ಇಬ್ಬರು ಅಷ್ಟಮದಲ್ಲಿಯೋ ಪಂಚಮದಲ್ಲಿಯೋ ಜೊತೆಜೊತೆಯಾಗಿ ನಡೆದರೆ, ಒಬ್ಬನು ಇನ್ನೊಬ್ಬನ ನೆರಳಾಗಿಬಿಡುತ್ತಾನೆ. ಕಿವಿಗೆ ಇಬ್ಬರಲ್ಲ, ಒಬ್ಬನೇ ದಪ್ಪನಾಗಿ ಕೇಳಿಸುತ್ತಾನೆ. ಪಂಚಮವು ಅಶುದ್ಧವೆಂದು ನಿಷೇಧಿಸಿದುದಲ್ಲ, ಅತಿ ಶುದ್ಧವೆಂದು ನಿಷೇಧಿಸಿದುದು! ನಾಲ್ಕು ಕಂಠಗಳಲ್ಲಿ ಯಾರೂ ಯಾರಲ್ಲಿಯೂ ಕರಗಿಹೋಗಬಾರದೆಂಬ ಕಾಳಜಿಯೇ ಆ ನಿಯಮ. ಎಲ್ಲರೂ ಒಂದೇ ದಾರಿ ಹಿಡಿದರೆ ಒಗ್ಗಟ್ಟೆಂದು ನಾವು ತಿಳಿಯುತ್ತೇವೆ. ಈ ಶಾಸ್ತ್ರ ಹೇಳುವುದು ಬೇರೆ. ಒಬ್ಬೊಬ್ಬರ ದಾರಿ ಒಬ್ಬೊಬ್ಬರದಾಗಿಯೇ ಉಳಿದು, ಪ್ರತಿ ಹೆಜ್ಜೆಯಲ್ಲಿಯೂ ಉಳಿದವರಿಗೆ ಕಿವಿಗೊಟ್ಟು ನಡೆದಾಗ ಹುಟ್ಟುವುದು ಹಾರ್ಮನಿ.

ನಿಯಮವೆಂದರೆ ಕುರುಡು ನಿಯಮವಲ್ಲ. ಬ್ರಾಮ್ಸನಂಥ ಮಹಾಕಲಾವಿದನು ಹಿಂದಿನ ಗುರುಗಳ ಕೃತಿಗಳಲ್ಲಿ ಸಮಾಂತರ ಪಂಚಮ ಅಷ್ಟಮಗಳು ಎಲ್ಲೆಲ್ಲಿ ಬಂದಿವೆಯೆಂದು ಹುಡುಕಿ, ಸುಮಾರು 140 ಉದಾಹರಣೆಗಳನ್ನು ತನಗಾಗಿ ಬರೆದಿಟ್ಟುಕೊಂಡಿದ್ದನು; ಅದು 1933ರಲ್ಲಿ ಪ್ರಕಟವಾಯಿತು. ನಿಯಮವನ್ನು ಅಷ್ಟು ಗೌರವಿಸಿದವನಿಗೇ ಅದರ ಉಲ್ಲಂಘನೆಯಲ್ಲಿ ಅಷ್ಟು ಕುತೂಹಲ. ಆದರೆ ಬ್ರಾಮ್ಸನ ಈ ಪಟ್ಟಿಯನ್ನು ತೋರಿಸಿ ನನ್ನ ಕೆಂಪು ಗೆರೆಗಳನ್ನು ಅಳಿಸಿಕೊಳ್ಳಲು ಮಾಡಿದ ಪ್ರಯತ್ನವು ಫಲಿಸಲಿಲ್ಲವೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಮುಂದಿನ ರಜೆಯಲ್ಲಿ ಊರಿಗೆ ಹೋದೆ. ತಾತನ ಎದುರಿಗೆ ಜಯಚಾಮರಾಜ ಒಡೆಯರ ಹೆಸರನ್ನು ತೆಗೆದೆ. ಪಾಶ್ಚಾತ್ಯ ಸಂಗೀತವನ್ನು ಶಾಸ್ತ್ರೋಕ್ತವಾಗಿ ಕಲಿತವರು. 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಸಂಗೀತ ಸಂಘದ ಪ್ರಥಮ ಅಧ್ಯಕ್ಷರಾದವರು. ರಷ್ಯದ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಹಣವೊದಗಿಸಿದವರು. ಅವರೇ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನೂ ರಚಿಸಿದರಲ್ಲ, ಅವರ ಕಿವಿ ಕೆಟ್ಟಿತೆ ಎಂದು ವಾದಿಸಿದೆ. ತಾತ, "ಅವರ ಮಾತು ಬಿಡು. ನಿನ್ನ ಕಿವಿ ಹೇಗಿದೆ, ಅದು ನೋಡೋಣ" ಎಂದು ತಂಬೂರಿಯನ್ನು ಶ್ರುತಿಮಾಡಿ, "ಗಾಂಧಾರ ಹಾಡು" ಎಂದರು. ಎದೆ ಡವಗುಟ್ಟಿತು. ಹಾಡಿದೆ. "ಹಾರ್ಮೋನಿಯಂ ಗಾಂಧಾರ" ಎಂದು ತಲೆಯಾಡಿಸಿದರು.

ತಾತ ಹೇಳಿದುದು ನಿಜವೇ. ಮನೆಮನೆಯ ಪಾಠಕ್ಕೆ ಕೀಬೋರ್ಡ್ ಬಳಸುವ ನನಗೆ ಆ ಸ್ವರ ಅಂಟಿಕೊಂಡಿತ್ತು. ಕೀಲಿವಾದ್ಯಗಳಲ್ಲಿ ಸ್ಥಾಯಿಯನ್ನು 12 ಸಮಪಾಲು ಮಾಡಿರುತ್ತಾರೆ. ಅರ್ಧಸ್ವರವನ್ನು 100 ಭಾಗ ಮಾಡಿದರೆ, ಅಲ್ಲಿಯ ಗಾಂಧಾರವು ಸಹಜ ಗಾಂಧಾರಕ್ಕಿಂತ ಸುಮಾರು 14 ಭಾಗ ಮೇಲಿರುತ್ತದೆ. ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ದೂರವಿಟ್ಟಿದ್ದುದಕ್ಕೆ ಸ್ವರದ ಈ ಆಕ್ಷೇಪವೂ ಒಂದು ಕಾರಣ. "ಕೇಳು" ಎಂದರು ತಾತ. ಮಂದ್ರ ಷಡ್ಜದ ತಂತಿಯನ್ನು ಮೀಟಿ ಸುಮ್ಮನಾದರು. ತಂಬೂರಿಯಲ್ಲಿ ಗಾಂಧಾರಕ್ಕೆ ತಂತಿಯೇ ಇಲ್ಲ. ಆದರೆ ಷಡ್ಜದ ನಾದ ತೆಳುವಾಗುತ್ತಿದ್ದಂತೆ ಅದರೊಳಗಿನಿಂದ ಅಂತರ ಗಾಂಧಾರವು ತಾನಾಗಿ ಎದ್ದು ಕೇಳಿಸಿತು. ಸ, ಪ, ಗ. ನನ್ನ ಗೊಂಚಲೇ! ರಾಮೊ ತನ್ನ ಶಾಸ್ತ್ರಕ್ಕೆ ಆಧಾರವೆಂದು ಮುಂದೆ ಹಿಡಿದುದೂ ನಾದದೊಳಗಿನ ಈ ನಾದವನ್ನೇ. ವಾದ್ಯವಿಲ್ಲದ ಆ ಸಂಜೆ ನಾಲ್ಕು ಕಂಠಗಳ ನಡುವೆ ನೆಲೆಯಾದ ಗಾಂಧಾರವೂ ಇದೇ ಇರಬೇಕೆಂದು ತಾತನಿಗೆ ಹೇಳಿದೆ. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಿ, ನಿನ್ನ ಪುಸ್ತಕ ತೆಗಿ" ಎಂದರು.

ಮೇಲೆ ಕೊಟ್ಟಿರುವ ನಾಲ್ಕು ಸಾಲುಗಳನ್ನು ಬಿಡಿಸಿದೆ. ನಾನು ಟೆನರ್ ಹಾಡುವುದು, ತಾತ ಪಿಟೀಲಿನಲ್ಲಿ ಆಲ್ಟೊ ನುಡಿಸುವುದು ಎಂದು ಗೊತ್ತಾಯಿತು. ಗ – ಮ – ರಿ – ಗ. ನುಡಿಸುವಾಗ ಅವರ ಬೆರಳು ತಡೆಯದೆ ಕೊನೆಯ ಗಾಂಧಾರಕ್ಕೆ ಒಂದು ಗಮಕ ಬಿದ್ದೇಬಿಟ್ಟಿತು. ಸ್ವರ ಓಲಾಡಿತು, ಗೊಂಚಲು ಚದುರಿತು. ಇಬ್ಬರೂ ನಕ್ಕೆವು. ನಮ್ಮ ಗಾಂಧಾರಕ್ಕೆ ಚಲನೆಯೇ ಜೀವ, ಅವರ ಗಾಂಧಾರಕ್ಕೆ ನಿಲುವೇ ಜೀವ. ಬೀಜ ಒಂದೇ ಇರಬಹುದು, ಮರಗಳು ಎರಡು. ಒಂದರ ರೆಂಬೆಯನ್ನು ಇನ್ನೊಂದಕ್ಕೆ ಕಟ್ಟುವ ಆತುರ ನನಗಿಲ್ಲ. ಎರಡರ ನೆರಳಿನಲ್ಲಿಯೂ ಕೂರಲು ಅಡ್ಡಿಯೇನೆಂಬುದಷ್ಟೇ ನನ್ನ ಮಾತು. ಮಾರನೆಯ ಬೆಳಿಗ್ಗೆ ತಾತ ಮೊದಲಿನಂತೆ ಪಾಠಕ್ಕೆ ಕರೆದರು.

ಹಾಸ್ಟೆಲಿನ ಆ ಮಿತ್ರರಿಗೆ ಈಗ ಉತ್ತರ ಹೇಳಬಹುದು. ಸಂತೆಯಲ್ಲಿ ನಾಲ್ವರೂ ಮಾತಾಡುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ನಾಲ್ಕು ಕಂಠದ ಹಾಡಿನಲ್ಲಿ ನಾಲ್ವರೂ ಹಾಡುತ್ತಾರೆ, ನಾಲ್ವರೂ ಕೇಳಿಸಿಕೊಳ್ಳುತ್ತಾರೆ. ವ್ಯತ್ಯಾಸ ಇಷ್ಟೇ. ಇದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಕಳೆದ ಶನಿವಾರದ ಅಭ್ಯಾಸದಲ್ಲಿ ಎರಡೇ ಕೆಂಪು ಗೆರೆಗಳಿದ್ದುವು. ಎರಡೂ ಪಂಚಮಗಳೇ.